ಕಡೇ ಎಣ್ಣೆ

ರೋಗಿಗಳನ್ನು ನೋಡಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹದಿನಾರು ವರ್ಷದಿಂದ ನಾನೂ ಅದೇ ಕೆಲಸ ಮಾಡಿಕೊಂಡು ಬಂದಿದ್ದೇನೆ ಎನ್ನುವುದು ಬೇರೆ ಮಾತು. ಅದಕ್ಕೇ ಅವರ ಬಂಡವಾಳ ನನಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.

ಒಂದು ಡಜನ್ ಬಾಳೆಹಣ್ಣು, ಒಂದು ಬ್ರೆಡ್ಡು ಹಿಡಿದುಕೊಂಡು ಬರುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ನಗುತ್ತಲೇ ಇರುತ್ತಾರೆ, ಒಳಗೆ ಕಾಲಿಟ್ಟ ಕೂಡಲೇ ಮುಖ ಜೋಲು ಬೀಳುತ್ತದೆ. "ಯವ್ವಾ, ಎಷ್ಟ ಸೊರಗೀರಿ!" ಅನ್ನುತ್ತಾರೆ. ತಮ್ಮ ಓಣಿಯಲ್ಲಿ ಇದೇ ರೋಗದಿಂದ ಸತ್ತ ಒಬ್ಬರ ಕಥೆಯನ್ನು ಮಲಗಿದವರ ಎದುರೇ ಶುರು ಮಾಡುತ್ತಾರೆ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ, ಕಣ್ಣು ತೆರೆದು ಫೋಟೋ ಹೊಡೆಯುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಅಷ್ಟು ಹೊತ್ತೂ ರೋಗಿಗೆ ಮೂತ್ರಕ್ಕೆ ಹೋಗುವುದಿತ್ತು ಎಂದು ಒಬ್ಬರಿಗೂ ತಿಳಿದಿರುವುದಿಲ್ಲ.

ನಾನು ಕೊಪ್ಪಳದವಳು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಸರ್ಕಾರಿ ಸಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ನಮ್ಮ ಕಡೆ ಸಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾದ ಮೇಲೂ ನಾನು ಎಲ್ಲರಿಗೂ ಅಕ್ಕೋರೇ. ಮೂಗಿನ ತುದಿಯಲ್ಲೇ ಸಿಟ್ಟು ಇರುವ ಅಕ್ಕೋರು ಎಂದು ಹಿಂದಿನಿಂದ ಅನ್ನುತ್ತಾರಂತೆ. ಅಂದುಕೊಳ್ಳಲಿ.

ಇಲ್ಲಿ ಕಥೋಲಿಕರಾದ ನಾವು ಎಷ್ಟು ಜನವೆಂದರೆ, ಭಾನುವಾರ ಚರ್ಚಿನ ಬಲಿಪೂಜೆಯ ನಡುವೆ ಒಮ್ಮೆ ಹಿಂದಕ್ಕೆ ತಿರುಗಿದರೆ ಯಾರು ಬಂದಿಲ್ಲವೆಂದು ತಿಳಿದುಬಿಡುತ್ತದೆ. ಬರಲಾಗದೆ ಮಲಗಿದವರ ಮನೆಗೆ ತಿಂಗಳ ಮೊದಲ ಶುಕ್ರವಾರ ಪರಮ ಪ್ರಸಾದ ಒಯ್ದು ಕೊಡುವುದು ನಮ್ಮ ರೂಢಿ. ಫಾದರ್ ಒಬ್ಬರಿಗೇ ಎಲ್ಲ ಮನೆ ಆಗುವುದಿಲ್ಲ ಎಂದು ಅರ್ಧ ಮನೆಗಳನ್ನು ನನಗೆ ವಹಿಸಿದ್ದರು. ಪ್ರಸಾದದ ಪುಟ್ಟ ಡಬ್ಬಿ ಕೊರಳಲ್ಲಿದ್ದಾಗ ದಾರಿಯಲ್ಲಿ ಯಾರೊಡನೆಯೂ ಹರಟೆ ಹೊಡೆಯಬಾರದು, ಮನಸ್ಸಿನಲ್ಲೇ ಪ್ರಾರ್ಥಿಸುತ್ತ ನೇರ ರೋಗಿಯ ಮನೆಗೆ ಹೋಗಬೇಕು. ನನ್ನಂಥ ಬಾಯಿಬಡಕಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಆದರೂ ಮಾಡಿದೆ. ಸಣ್ಣವಳಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ ದಯಾಕಾರ್ಯಗಳ ಪಟ್ಟಿ ಬಾಯಿಪಾಠ ಮಾಡಿಸಿದ್ದರು; ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಹೀಗೆ. ಅದರಲ್ಲಿ ನನ್ನ ಕೈಲಾಗುವುದು ರೋಗಿಗಳನ್ನು ನೋಡಲು ಹೋಗುವುದು ಒಂದೇ ಎಂದು ನನಗೆ ನಾನೇ ಆರಿಸಿಕೊಂಡಿದ್ದೆ. ಅದರ ಬಗ್ಗೆ ನನಗೆ ಒಳಗೊಳಗೆ ಭಾಳ ಹೆಮ್ಮೆಯೂ ಇತ್ತು.

ಈಗ ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಕೊಪ್ಪಳದಿಂದ ರೈಲು ಹಳಿ ದಾಟಿದರೆ ಭಾಗ್ಯನಗರ. ಅಲ್ಲಿ ಕೂದಲಿನ ಕೆಲಸ ದೊಡ್ಡದು. ಊರೂರಿಂದ ಮೂಟೆಗಟ್ಟಲೆ ಬರುವ ಕೂದಲನ್ನು ಹೆಂಗಸರು ಮನೆಮನೆಯಲ್ಲಿ ಕೂತು ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕೊಡುತ್ತಾರೆ. ಇವಳೂ ಅದೇ ಕೆಲಸದವಳು. ವಯಸ್ಸು ಮೂವತ್ತೆರಡು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಎರಡನೆಯ ಇಯತ್ತೆ ಓದುವ ಮಗಳು ಒಬ್ಬಳು. ಮನೆ ನಡೆಸುವವಳು ಅತ್ತೆ. ಆಕೆ ಆಂಧ್ರದ ರೈತರು ಬಂದು ನೆಲೆಸಿದ ಗಂಗಾವತಿ ಕಡೆಯ ಕಾಲುವೆ ಕ್ಯಾಂಪಿನಿಂದ ಬಂದವಳು, ಬೇಜಾರಾದಾಗ ತೆಲುಗಿನಲ್ಲಿ ದೇವರನ್ನು ಕರೆಯುತ್ತಾಳೆ. ಕೈಯಿಂದ ಜಪಸರ ಕೆಳಗಿಡದವಳು.

ಸೊಸೆಗೆ ಕೆಮ್ಮು ಹತ್ತಿ ಆರು ತಿಂಗಳಾಗಿತ್ತು. ಕೂದಲಿನ ಧೂಳು ಎಂದರು. ಅತ್ತೆ ಅಂದಳು, ಓಣಿ ಅಂದಿತು, ಸುಳ್ಳು ಯಾಕೆ, ನಾನೂ ಅಂದೆ. ಕೊನೆಗೆ ಕೆಮ್ಮಿನಲ್ಲಿ ರಕ್ತ ಬಂದಾಗ ಆಸ್ಪತ್ರೆಗೆ ಒಯ್ದರು. ಕ್ಷಯ. ಎರಡು ವಾರ ಇಟ್ಟುಕೊಂಡು, ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ದಿನಾ ತಪ್ಪದೆ ಆರು ತಿಂಗಳು ನುಂಗಿದರೆ ಪೂರ್ತಿ ವಾಸಿಯಾಗುತ್ತದೆ, ನಡುವೆ ಬಿಟ್ಟರೆ ಮಾತ್ರ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ನನ್ನ ಎದುರೇ ಹೇಳಿದ್ದರು. ಓಣಿಯ ಆಶಾ ಕಾರ್ಯಕರ್ತೆ ಗುಳಿಗೆಯ ಹಾಳೆಗಳನ್ನು ಮನೆಗೇ ತಂದು ಕೊಡುತ್ತಿದ್ದಳು. ಎಲ್ಲ ಸರಿಯಾಗಿಯೇ ನಡೆದಿತ್ತು.

ಆಗ ನನ್ನ ಬುದ್ಧಿ ನಡುವೆ ತೂರಿತು.

ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ನಮ್ಮಲ್ಲಿದೆ. ಗುರುಗಳು ಬಂದು ಹಣೆಗೆ, ಎರಡೂ ಅಂಗೈಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಅದು ಸಾಯುವವರಿಗೆ ಮಾತ್ರವಲ್ಲ. ಭಾರಿ ಕಾಯಿಲೆ ಬಿದ್ದ ಯಾರಿಗಾದರೂ ಧೈರ್ಯಕ್ಕಾಗಿ, ಗುಣಕ್ಕಾಗಿ ಕೊಡುವಂಥದ್ದು. ಧರ್ಮಸಭೆ ಹೇಳುವುದು ಹಾಗೆ. ನಮ್ಮ ಜನ ತಿಳಿದದ್ದು ಮಾತ್ರ ಬೇರೆ. ಇನ್ನೇನು ಉಸಿರು ನಿಲ್ಲುತ್ತದೆ ಅನ್ನುವಾಗ ಓಡಿಹೋಗಿ ಫಾದರನ್ನು ಕರೆತರುತ್ತಾರೆ. ಎಣ್ಣೆ ಹಚ್ಚಿದ ಸ್ವಲ್ಪ ಹೊತ್ತಿಗೆ ರೋಗಿ ಹೋಗುತ್ತಾನೆ. ಹಾಗಾಗಿ ಅದರ ಹೆಸರೇ ಕಡೇ ಎಣ್ಣೆ. ಕೊರಳಲ್ಲಿ ಡಬ್ಬಿ ಹಾಕಿಕೊಂಡು ಓಡಾಡಿದ ನನಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಅವಳಿಗೆ ಎಣ್ಣೆ ಹಚ್ಚಲು ಫಾದರಿಗೆ ನಾನೇ ಹೇಳಿ, ಒಂದು ಶುಕ್ರವಾರ ಆ ಮನೆಗೆ ಫೋನು ಮಾಡಿ, "ಇವತ್ತ ಫಾದರ್ ಬರ್ತಾರ, ಮನಿ ಸ್ವಚ್ಛ ಮಾಡಿ ಇಟ್ಟಿರ್ರಿ" ಎಂದಷ್ಟೇ ಹೇಳಿದೆ. ಎಣ್ಣೆಯ ಮಾತು ಎತ್ತಲಿಲ್ಲ.

ಫಾದರ್ ಮಂಗಳೂರು ಕಡೆಯ ಹುಡುಗ. ಓದಿಕೊಂಡವನು, ಒಳ್ಳೆಯವನು, ಆದರೆ ಅವನ ಪುಸ್ತಕದ ಕನ್ನಡ ನಮ್ಮ ಜನರ ಕಿವಿಗೆ ತಾಗಿ ಹಾಗೇ ಜಾರಿಹೋಗುತ್ತದೆ. ಆ ದಿನ ಹತ್ತು ನಿಮಿಷ ಸಂಸ್ಕಾರದ ಅರ್ಥ ವಿವರಿಸಿದ. ಕೇಳಿಸಿಕೊಂಡವಳು ನಾನೊಬ್ಬಳೇ. ಅತ್ತೆಯ ಕಣ್ಣು ಅವನ ಕೈಯಲ್ಲಿದ್ದ ಎಣ್ಣೆಯ ಸಣ್ಣ ಶೀಶೆಯ ಮೇಲೆ ನೆಟ್ಟಿತ್ತು. ನೋಡನೋಡುತ್ತ ಆಕೆ ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಣದ ಬತ್ತಿ ಹಚ್ಚಿದರು. ಹಿಂದೂ ಮನೆಯವರೂ ಬಂದು ಕೈಮುಗಿದು ನಿಂತಿದ್ದರು.

ನಾನು ಏನು ತಿಳಿದೆ ಗೊತ್ತೇ? ಭಕ್ತಿ ಎಂದು ತಿಳಿದೆ. ನಾನು ಕರೆದುಕೊಂಡು ಬಂದ ಫಾದರಿನ ಪ್ರಾರ್ಥನೆಗೆ ಇಡೀ ಓಣಿ ಕರಗಿತು ಎಂದು ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ. ಎಂಥ ಹುಚ್ಚಿ ನಾನು! ಮಲಗಿದ್ದವಳ ಮುಖ ಒಮ್ಮೆಯೂ ನೋಡಲಿಲ್ಲ.

ಮುಂದೆ ಮೂರು ವಾರ ನಾನು ಆ ಕಡೆ ಹಾಯಲಿಲ್ಲ. ಊರಲ್ಲಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ, ಅದು ಸುಳ್ಳು. ನನಗೆ ಶುಗರ್ ಇದೆ. ಎಡಗಾಲಿನ ಹೆಬ್ಬೆರಳ ಪಕ್ಕದ ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಗಿತ್ತು, ಮಾಯುತ್ತಿರಲಿಲ್ಲ, ಕಪ್ಪಗಾಗತೊಡಗಿತ್ತು. ಡಾಕ್ಟರು ನೋಡಿ, ನಡೆಯಬಾರದು, ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದರು. ಆ ಮಾತು ಯಾರಿಗೂ ಹೇಳದೆ ಮನೆಯ ಬಾಗಿಲು ಹಾಕಿಕೊಂಡು ಕೂತಿದ್ದೆ. ಹೇಳಿದರೆ ಬಾಳೆಹಣ್ಣಿನವರು ಬರುತ್ತಾರಲ್ಲ, ಅದಕ್ಕೆ.

ಆಗ ಆಶಾ ಕಾರ್ಯಕರ್ತೆಯ ಫೋನು ಬಂತು.

"ಅಕ್ಕೋರ, ನಿಮ್ಮ ಪೇಷಂಟ್ ಗುಳಿಗಿ ಬಿಟ್ಟು ಎರಡ ವಾರ ಮ್ಯಾಲಾತು. ಅತ್ತಿ ಬಾಗಿಲದಾಗ ನಿಂತು ಒಳಗ ಬಿಡವಲ್ಲಳು. ಇನ್ನ ಯಾಕ ಬೇಕ್ರಿ ಗುಳಿಗಿ, ದೇವರಿಗೆ ಒಪ್ಪಿಸೀವಿ ಅಂತಾಳ. ನೀವ ಏನರ ಹೇಳೀರೇನು?"

"ನಾ ಯಾಕ ಹೇಳ್ಲಿ? ನನಗೇನು ತಲಿ ಕೆಟ್ಟೈತಿ?" ಎಂದು ಆ ಬಡಪಾಯಿಯ ಮೇಲೇ ಹರಿಹಾಯ್ದೆ. ಕಾಲಿಗೆ ಬಟ್ಟೆ ಸುತ್ತಿ ಆಟೋ ಹತ್ತಿದೆ.

ಒಳಕೋಣೆಯಲ್ಲಿದ್ದ ಮಂಚ ಬಾಗಿಲ ಹತ್ತಿರದ ಪಡಸಾಲೆಗೆ ಬಂದಿತ್ತು. ಹೆಣ ಹೊರಗೆ ಎತ್ತಲು ಅನುಕೂಲ ಎಂದು. ಗೂಟಕ್ಕೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಣ್ಣು ಮಾಡುವಾಗ ಉಡಿಸಲು ತಂದ, ಬೆಲೆಚೀಟಿ ಸಮೇತ ಹೊಸ ಬಿಳಿ ಸೀರೆ. ಮಗಳನ್ನು ಕುಷ್ಟಗಿಯ ನಾದಿನಿ ಮನೆಗೆ ಕಳಿಸಿಬಿಟ್ಟಿದ್ದರು, ಕೂಸು ನೋಡಬಾರದೆಂದು. ಓಣಿಯ ಜನ ಬಂದು ಹಳೆಯ ಜಗಳಗಳಿಗೆ ಒಬ್ಬೊಬ್ಬರಾಗಿ ಕ್ಷಮೆ ಕೇಳಿ ಹೋಗುತ್ತಿದ್ದರಂತೆ. ನಮ್ಮ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಎಣ್ಣೆ ಹಚ್ಚಿದ ದಿನ ನಾನೇ ಹೊಡೆದು ಹಾಕಿದ ಫೋಟೋದ ಕೆಳಗೆ ಯಾರೋ ಪುಣ್ಯಾತ್ಮರು ಆಗಲೇ ಆತ್ಮಶಾಂತಿ ಕೋರಿದ್ದರು. ಅದನ್ನೂ ಆಮೇಲೆ ನೋಡಿದೆ.

ಅವಳು ಮೂಳೆ ಚಕ್ಕಳವಾಗಿ ಮಲಗಿದ್ದಳು. ನಾನು ಬಾಯಿಗೆ ಮಾಸ್ಕ್ ಹಾಕಿಕೊಂಡು ಹತ್ತಿರ ಕೂತೆ.

"ಯಾಕವಾ, ಗುಳಿಗಿ ಯಾಕ ಬಿಟ್ಟಿ?"

"ನೀವ ಎಣ್ಣಿ ಹಚ್ಚಿಸಿದ್ರಲ್ಲ ಅಕ್ಕೋರ. ಡಾಕ್ಟರು ನಿಮ್ಮ ಮುಂದ ಏನೋ ಹೇಳ್ಯಾರ, ನನ್ನ ಮುಂದ ಮುಚ್ಚಿಟ್ಟಾರ ಅಂತ ತಿಳಕೊಂಡೆ." ಅವಳು ಕೆಮ್ಮು ನಿಲ್ಲುವ ತನಕ ಕಾದು ಮತ್ತೆ ಅಂದಳು, "ಮೊನ್ನೆ ಹೆಣದ ಪೆಟ್ಟಿಗಿ ಮಾಡೋ ಬಡಗ್ಯಾ ಬಂದಿದ್ದ. ನನಗ ನಿದ್ದಿ ಹತ್ತೇತಿ ಅಂತ ತಿಳದು ನೂಲು ಹಿಡದು ಅಳತಿ ತೊಗೊಂಡ. ಪಾಪ, ಅಂವಗ ನಾಚಿಕಿ ಆಗಬಾರದಂತ ನಾನೂ ಕಣ್ಣ ಮುಚ್ಚಿಕೊಂಡೆ."

ಎದ್ದು ನಿಂತೆ. ಅಡುಗೆ ಮನೆಯ ಹೊಸ್ತಿಲಲ್ಲಿ ಜಪಸರ ಹಿಡಿದು ಕೂತಿದ್ದ ಅತ್ತೆಯ ಮೇಲೆ ನನಗೆ ಬರುವ ಬೈಗುಳವನ್ನೆಲ್ಲ ಸುರಿದೆ. ಜೀವ ಇರೋ ಹೆಣ್ಣಮಗಳಿಗೆ ಪೆಟ್ಟಿಗಿ ಅಳತಿ ಮಾಡಸ್ತೀಯಲ್ಲ, ನಿನ್ನ ಬಾಯಾಗ ಮಣ್ಣ ಬೀಳ್ಲಿ ಎಂದೆ. ಎಪ್ಪತ್ತು ದಾಟಿದ ಮುದುಕಿ. ಏಕವಚನದಲ್ಲೇ ಅಂದೆ. ಓಣಿಯವರು ಬಾಗಿಲಲ್ಲಿ ನೆರೆದರು; ಅವರಿಗೂ ಬಿತ್ತು.

ಮುದುಕಿ ಜಪಸರದ ಮಣಿ ಸರಿಸುತ್ತ ಕೂತಳು. ನನ್ನ ಉಸಿರು ಮುಗಿಯುವ ತನಕ ಕಾದಳು.

"ಕೋಪ ಮಾಡ್ಕೋಬ್ಯಾಡ್ರಿ ಅಕ್ಕೋರ. ನನ್ನ ಸೊಸಿ ಮ್ಯಾಲ ನನಗ ಪ್ರೀತಿ ಇಲ್ಲ ಅಂತ ತಿಳದೀರೇನು? ಆ ಕೆಂಪ ಗುಳಿಗಿ ನುಂಗಿದ್ರ ಮೂತ್ರ ಕೆಂಪ ಬರ್ತಿತ್ತು, ಜೀವ ರಕ್ತ ಆಗಿ ಹೋಗಾಕತ್ತೇತಿ ಅಂತ ನಾ ಅಳತಿದ್ದೆ. ಎಣ್ಣಿ ಬಿದ್ದ ಮ್ಯಾಲ ಮತ್ತ ಯಾಕ ಆ ಜೀವಕ್ಕ ಕಾಟ? ನನ್ನ ಗಂಡಗ ಎಣ್ಣಿ ಹಚ್ಚಿದ ದಿನ ಇದ ಮನ್ಯಾಗ, ಇದ ಹೊಸ್ತಲದಾಗ ನಿಂತು ನೀವ ಹೇಳಿದ್ರಿ. ಎಣ್ಣಿ ಆತು, ಇನ್ನ ಔಷಧ ಸಾಕು, ಎಳದಾಡಬ್ಯಾಡ್ರಿ, ದೇವರ ಕೈಯಾಗ ಕೊಟ್ಟುಬಿಡ್ರಿ ಅಂತ. ಹನ್ನೆರಡ ವರ್ಷ ಆತು, ನಾ ಮರತಿಲ್ಲ."

ಹೌದು, ಹೇಳಿದ್ದೆ. ಆ ಮುದುಕನಿಗೆ ಎಂಬತ್ತರ ಹತ್ತಿರ ವಯಸ್ಸು, ಡಾಕ್ಟರು ಕೈಚೆಲ್ಲಿದ್ದರು, ಮೂಗಿಗೆ ನಳಿಗೆ ಹಾಕಿ ಹಿಂಸೆ ಪಡುತ್ತಿದ್ದ. ಆಗ ಅದು ಸರಿಯಾದ ಮಾತೇ ಆಗಿತ್ತು. ಅಕ್ಕೋರು ಹೇಳಿದ್ದೆಂದು ಈಕೆ ಅದನ್ನು ಧರ್ಮೋಪದೇಶದ ಪಾಠದ ಹಾಗೆ ಕಟ್ಟಿಟ್ಟುಕೊಂಡಳು. ನಾನೂ ಎಷ್ಟು ಮನೆಯಲ್ಲಿ ಎಷ್ಟು ಸಲ ಹಾಗೆ ಅಂದಿದ್ದೆನೋ ಲೆಕ್ಕವಿಲ್ಲ. ಇಷ್ಟು ಹೊತ್ತು ಮುದುಕಿಯ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು, ಮತ್ತು ನನ್ನನ್ನು ಬೈಯಲು ಅಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ತಪ್ಪಾತು ಎಂದೆ. ಕೈ ಮುಗಿದೆ. ಎಣ್ಣೆ ಬದುಕುವವರಿಗೂ ಹಚ್ಚುತ್ತಾರೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಮುದುಕಿ ತಲೆ ಅಲ್ಲಾಡಿಸಿ, "ಎಣ್ಣಿ ಹಚ್ಚಿಸಿಕೊಂಡು ಎದ್ದ ಅಡ್ಡಾಡಿದಾಕಿನ್ನ ಒಬ್ಬಾಕಿನ್ನರ ತೋರಸ್ರಿ" ಎಂದಳು. ಮಂಚದ ಮೇಲಿದ್ದವಳೂ ನನ್ನ ಕಡೆ ನೋಡಿದಳು. ತೋರಿಸಲು ನನ್ನ ಹತ್ತಿರ ಒಬ್ಬರೂ ಇರಲಿಲ್ಲ. ಕೊನೇ ಗಳಿಗೆಯ ತನಕ ಕಾದು ಹಚ್ಚಿಸುವ ನಮ್ಮಲ್ಲಿ ಎಲ್ಲಿಂದ ಇರಬೇಕು?

ಅಲ್ಲಿಂದ ನೇರ ಚರ್ಚಿಗೆ ಹೋದೆ.

"ಫಾದರ್, ನಾಳೆ ಬೆಳಗ್ಗೆ ಭಾಗ್ಯನಗರಕ್ಕ ಬರ್ರಿ. ಆ ಮನ್ಯಾಗ, ಅವರೆಲ್ಲರ ಮುಂದ, ನನಗ ಎಣ್ಣಿ ಹಚ್ಚರಿ."

"ಎಂತ ಹೇಳ್ತಿದ್ದೀರಿ ನೀವು? ಸಂಸ್ಕಾರ ಅಂದ್ರೆ ನಾಟಕ ಅಲ್ಲ ಮಾರಾಯ್ರೆ. ರೋಗ ಇಲ್ಲದವರಿಗೆ ನಾನು ಹಚ್ಚುವ ಹಾಗಿಲ್ಲ."

ನಾನು ಬೆಂಚಿನ ಮೇಲೆ ಕೂತು ಕಾಲಿನ ಬಟ್ಟೆ ಬಿಚ್ಚಿದೆ. ವಾಸನೆಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ನಾಚಿಕೊಂಡು ಮುಂದೆ ಬಂದ. ಬೆರಳು ಬುಡದ ತನಕ ಕಪ್ಪಾಗಿತ್ತು.

"ಯಾರಿಗೂ ಹೇಳಲಿಲ್ಲವಾ?"

"ಈಗ ನಿಮಗ ಹೇಳೀನಲ್ಲ. ಬರ್ತೀರೋ ಇಲ್ಲೋ?"

ಬಂದ. ಪಡಸಾಲೆಯಲ್ಲಿ ಅವಳ ಮಂಚದ ಪಕ್ಕ ಕುರ್ಚಿ ಹಾಕಿ ಕೂತೆ. ಓಣಿಯವರನ್ನೆಲ್ಲ ನಾನೇ ಕರೆಸಿದ್ದೆ. ಇದು ನಾಲ್ಕು ಜನಕ್ಕೆ ಪಾಠ ಎಂದು, ಸಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ ಗತ್ತಿನಿಂದಲೇ ಇದ್ದೆ. ಫಾದರ್ ಪ್ರಾರ್ಥನೆ ಮುಗಿಸಿ ಹೆಬ್ಬೆರಳನ್ನು ಎಣ್ಣೆಗೆ ಅದ್ದಿ ನನ್ನ ಹಣೆಗೆ ಒತ್ತಿದ.

ಯಾವುದಕ್ಕೂ ಅಂಜದವಳು, ಅಂಜಿದೆ. ಎಷ್ಟೋ ಜನರ ಹಣೆಯ ಮೇಲೆ ಆ ಎಣ್ಣೆ ಹೊಳೆಯುವುದನ್ನು ನೋಡಿದವಳು, ಅವರಲ್ಲಿ ಒಬ್ಬರೂ ಈಗ ಇಲ್ಲ ಎಂದು ಆಗ ನೆನಪಾಯಿತು. ಎರಡೂ ಅಂಗೈ ಚಾಚಿದೆ. ಓಣಿಯ ಹೆಂಗಸರು ಅಂದು ನಿಂತ ಹಾಗೇ ಗೋಡೆಗೆ ಒರಗಿ ನಿಂತಿದ್ದರು, ಅವರ ಆ ಸಪ್ಪೆ ಮುಖಗಳು ನನ್ನ ಕಡೆ ತಿರುಗಿದ್ದವು. ಹತ್ತಿರ ಬಂದು ಯಾರಾದರೂ ನನ್ನ ಕೈ ಹಿಡಿದರೆ ಸಾಕಿತ್ತು ಅನ್ನಿಸಿತು. ಅಂದು ಆ ಹೆಣ್ಣುಮಗಳಿಗೆ ಹೇಗಾಗಿತ್ತು ಎಂದು ಮೂರು ವಾರದ ಮೇಲೆ, ಅದೂ ನನ್ನ ಹಣೆಗೇ ಬಿದ್ದ ಮೇಲೆ ನನಗೆ ತಿಳಿಯಿತು.

ಅಷ್ಟರಲ್ಲಿ ಅತ್ತೆ "ಅಯ್ಯೋ ದೇವುಡಾ" ಎಂದು ಅಳುತ್ತ ಬಂದು ನನ್ನ ಕೈ ಹಿಡಿದುಕೊಂಡಳು. ಹೋದ ವರ್ಷ ಕ್ರಿಸ್ಮಸ್ಸಿನಲ್ಲಿ ನನ್ನ ಬಗ್ಗೆ ಏನೋ ಆಡಿದ್ದಳಂತೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದಂತೆ.

"ನಾ ಇನ್ನೂ ಸತ್ತಿಲ್ಲ!" ಎಂದು ಚೀರಿದೆ. "ಹೋಗಿ ರೊಟ್ಟಿ ತೊಗೊಂಡು ಬರ್ರಿ, ಹಸಿವಾಗೇತಿ."

ಎಲ್ಲರ ಎದುರು ರೊಟ್ಟಿ, ಪುಂಡಿಪಲ್ಯ ತಿಂದೆ. ನನ್ನ ಶುಗರಿನ ಗುಳಿಗೆ ನುಂಗಿದೆ. ಆಮೇಲೆ ಅವಳ ಗುಳಿಗೆಯ ಹಾಳೆ ಎತ್ತಿ, "ಬಾಯಿ ತಗಿ" ಎಂದೆ.

ಅವಳು ನನ್ನ ಹಣೆಯನ್ನೇ ನೋಡುತ್ತಿದ್ದಳು. "ನಾಳೆ ನೀವ ಬಂದ್ರ ನುಂಗತೀನಿ ಅಕ್ಕೋರ."

"ನಾಳೆ ತನಕ ನಿನ್ನ ಜಡ್ಡು ಕಾಯತೈತೇನು? ಇವತ್ತಿಂದು ಇವತ್ತ. ನಾಳೆ ಬರ್ತೀನಿ, ನಾಡದು ಬರ್ತೀನಿ. ನಾ ಬರೋ ಅಷ್ಟ ದಿನಾನೂ ನೀ ನುಂಗಬೇಕು. ಮಗಳನ್ನ ಕರಸ್ತೀನಿ, ಆಕೀ ಮುಂದ ನುಂಗಬೇಕು. ತಗಿ ಬಾಯಿ."

ನುಂಗಿದಳು. ಆಶಾ ಕಾರ್ಯಕರ್ತೆ ಮಧ್ಯಾಹ್ನವೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದಳು. ಅದೇ ಔಷಧ ಮುಂದುವರಿಸಬಹುದು, ಇನ್ನೊಮ್ಮೆ ಬಿಟ್ಟರೆ ಮಾತ್ರ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಬೈದು ಕಳಿಸಿದರು. ಬಿಳಿ ಸೀರೆಯನ್ನು ಅಂಗಡಿಗೆ ವಾಪಸು ಮಾಡಲು ನಾನೇ ಹೋದೆ. ಅಂಗಡಿಯವನು ತಕರಾರು ತೆಗೆದ. ಅವನಿಗೂ ಬಿತ್ತು.

ಅಲ್ಲಿಂದ ದಿನಾ ಹೋದೆ. ಮೊದಲ ಶುಕ್ರವಾರ ಮಾತ್ರ ಹೋಗುತ್ತಿದ್ದವಳು ದಿನಾ ಬೆಳಗ್ಗೆ, ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ಕುಂಟುತ್ತ. ಆಸ್ಪತ್ರೆಗೆ ಸೇರಿ ಎಂದು ಫಾದರ್ ಬೆನ್ನು ಹತ್ತಿದರೂ ಗಾಯ ತೊಳೆಸಿ ಬಟ್ಟೆ ಕಟ್ಟಿಸಿಕೊಂಡು ಬರುತ್ತಿದ್ದೆ, ಅಷ್ಟೇ. ನಾನು ಬಾಗಿಲಿಗೆ ಬಂದ ಕೂಡಲೇ, ಇನ್ನೂ ಬದುಕಿದ್ದೀರಾ ಎನ್ನುವ ಹಾಗೆ ಅವಳು ಮಂಚದಿಂದಲೇ ಕೇಳುತ್ತಿದ್ದಳು, "ಅದೀರಿ?"

"ಅದೀನಿ. ಬಾಯಿ ತಗಿ."

ಅಷ್ಟೇ ಮಾತು. ಪ್ರಾರ್ಥನೆ ಆಮೇಲೆ. ಎಷ್ಟೋ ದಿನ ಅದೂ ಇಲ್ಲ. ತಲೆ ಬಾಚಿ, ಬೆನ್ನು ಒರೆಸಿ ಬರುತ್ತಿದ್ದೆ. ಹದಿನಾರು ವರ್ಷ ರೋಗಿಗಳ ಮನೆಗೆ ಹೋದವಳು ಒಬ್ಬರ ಬೆನ್ನನ್ನೂ ಮುಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ಎರಡನೆಯ ವಾರ ಮಂಚ ಒಳಕೋಣೆಗೆ ಹೋಯಿತು. ಮಗಳು ಕುಷ್ಟಗಿಯಿಂದ ಬಂದಳು. ನಾಲ್ಕನೆಯ ವಾರ ಅವಳು ಎದ್ದು ಬಾಗಿಲ ತನಕ ನಡೆದು ಬಂದು "ಅದೀರಿ?" ಎಂದಳು. ಮುದುಕಿ ಮಾತ್ರ ನಾನು ಬಂದಾಗಲೆಲ್ಲ ನನ್ನ ಹಣೆಯನ್ನು ಒಂದು ನಮೂನೆ ನೋಡುತ್ತಿದ್ದಳು, ಇವಳು ಇನ್ನೂ ಹೇಗೆ ಇದ್ದಾಳೆ ಎನ್ನುವ ಹಾಗೆ.

ಆರನೆಯ ವಾರ ನನಗೆ ಜ್ವರ ಬಂತು. ಕಾಲು ಬಾತುಕೊಂಡಿತು. ಆಸ್ಪತ್ರೆಯಲ್ಲಿ ಒಂದಲ್ಲ, ಎರಡು ಬೆರಳು ತೆಗೆದರು.

ಆಗ ಬಂದ ಸಿಟ್ಟನ್ನು ನಾನು ಯಾರ ಮೇಲೂ ಹಿಂದೆ ತೋರಿಸಿದ್ದಿಲ್ಲ. ದೇವರ ಮೇಲಿನ ಸಿಟ್ಟು ಅದು. ನಿನ್ನ ಕೆಲಸಕ್ಕೇ ನಡೆದೆನಲ್ಲ, ಆ ಕಾಲನ್ನೇ ಕತ್ತರಿಸಿದೆಯಲ್ಲ, ಇನ್ನೇನು ಬೇಕು ನಿನಗೆ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಬಾಳೆಹಣ್ಣಿನವರು ಬಂದರು. ಎಷ್ಟ ಸೊರಗೀರಿ ಎಂದರು. ಶುಗರಿನಿಂದ ಮೊಣಕಾಲ ತನಕ ಕತ್ತರಿಸಿಕೊಂಡವರ ಕಥೆ ಹೇಳಿದರು. ಒಬ್ಬರು ಮೆಲ್ಲಗೆ, "ಎಣ್ಣಿ ಮೊದಲ ಆಗೇತಲ್ಲ, ಛಲೋ ಆತು" ಎಂದರು. ನಾನು ಕಣ್ಣು ಬಿಡಲಿಲ್ಲ. ನರ್ಸು ಕೊಟ್ಟ ಗುಳಿಗೆಗಳನ್ನು ಕಾಗದದ ಲೋಟದಲ್ಲಿ ಸ್ಟೂಲಿನ ಮೇಲೆ ಹಾಗೇ ಬಿಟ್ಟೆ. ನುಂಗುವುದಿಲ್ಲ ಎಂದೆ. ಎರಡು ದಿನ ನುಂಗಲಿಲ್ಲ. ಫಾದರ್ ಬಂದು ಬೇಡಿಕೊಂಡ, ಅವನನ್ನೂ ಕಳಿಸಿಬಿಟ್ಟೆ.

ಮೂರನೆಯ ದಿನ ಬೆಳಗ್ಗೆ ವಾರ್ಡಿನ ಬಾಗಿಲ ಹತ್ತಿರ ಗದ್ದಲವಾಯಿತು. ಒಬ್ಬರೇ ಒಳಗೆ ಹೋಗಬೇಕು ಎಂದು ಕಾವಲಿನವನು ಹೇಳುತ್ತಿದ್ದ. "ನಾ ಇಲ್ಲೇ ನಿಂದರತೀನಿ, ಆಕಿನ್ನ ಬಿಡಪಾ" ಎನ್ನುವ ಮುದುಕಿಯ ದನಿ ಕೇಳಿತು. ಆಮೇಲೆ ಚಪ್ಪಲಿಯ ಸದ್ದು, ಮೆಲ್ಲಗೆ, ನಡುವೆ ನಿಂತು ಉಸಿರು ತೆಗೆದುಕೊಂಡು ಮತ್ತೆ ಮೆಲ್ಲಗೆ. ಭಾಗ್ಯನಗರದಿಂದ ಅವಳೇ ಬಂದಿದ್ದಳು. ಮಾಸ್ಕ್ ಮೇಲೆ ಕಣ್ಣಷ್ಟೇ ಕಾಣುತ್ತಿದ್ದವು. ಕೈಯಲ್ಲಿ ಬಾಳೆಹಣ್ಣು ಇರಲಿಲ್ಲ.

"ಅದೀರಿ?" ಎಂದಳು.

ನಾನು ಮುಖವನ್ನು ಮತ್ತೆ ಗೋಡೆಗೆ ತಿರುಗಿಸಿದೆ. ಆದರೂ ಓರೆಗಣ್ಣು ಅವಳ ಮೇಲೇ ಇತ್ತು. ಅವಳು ಸ್ಟೂಲಿನ ಮೇಲಿದ್ದ ಕಾಗದದ ಲೋಟ ನೋಡಿದಳು. ನನ್ನ ಕಾಲಿಗೆ ಸುತ್ತಿದ ಬಟ್ಟೆ ನೋಡಿದಳು. ಸೆರಗಿನ ಗಂಟು ಬಿಚ್ಚಿ ತನ್ನ ಗುಳಿಗೆ ತೆಗೆದಳು. ನಾನು ಹೋಗದ ದಿನಗಳಲ್ಲಿ ಅವನ್ನು ಮಗಳ ಮುಂದೆ ನುಂಗಿದ್ದಳಂತೆ, ಇವತ್ತಿನದನ್ನು ಮಾತ್ರ ನನ್ನ ಎದುರು ಎಂದು ಕಟ್ಟಿಕೊಂಡು ಬಂದಿದ್ದಳು. ಕಿಟಕಿಯ ಕಡೆ ತಿರುಗಿ ಮಾಸ್ಕ್ ಸರಿಸಿ, ನನ್ನ ಬಾಟಲಿಯ ನೀರನ್ನು ಬಾಯಿಗೆ ಎತ್ತಿ ಹೊಯ್ದುಕೊಂಡು ಒಂದೊಂದಾಗಿ ನುಂಗಿದಳು. ಮತ್ತೆ ಮಾಸ್ಕ್ ಹಾಕಿಕೊಂಡು ನನ್ನ ಕಾಗದದ ಲೋಟ ಎತ್ತಿಕೊಂಡು ಗೋಡೆಯ ಕಡೆಗೇ ಸುತ್ತಿ ಬಂದು, ಮಂಚಕ್ಕೂ ಗೋಡೆಗೂ ನಡುವಿನ ಆ ಸಂದಿಯಲ್ಲಿ ನನ್ನ ಮುಖದ ಎದುರು ನಿಂತಳು.

"ನಾನೂ ಅದೀನಿ ಅಕ್ಕೋರ. ಬಾಯಿ ತಗೀರಿ."

ನನ್ನ ಸಿಟ್ಟು ಇಳಿದಿರಲಿಲ್ಲ. ಬಾಯಿ ತೆಗೆದೆ.